ಹೋಡಿ ಅಂಚಿಗೆ ಅಗಸೆ ಎಣ್ಣೆ

ಬರಗಾಲದ ಜತ್ತ ತಾಲೂಕಿನಲ್ಲಿ ಕುಳಿತು ದೋಣಿಗೆ ಎಣ್ಣೆ ತಿಕ್ಕುವ ಹೆಂಗಸು ನಾನೊಬ್ಬಳೇ ಇರಬೇಕು. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ, ಮೊದಲು ನಕ್ಕವಳು ನಾನೇ.

ನಾದಿನಿಯ ಗಂಡ ದಾಳಿಂಬೆ ಲೋಡು ಹೇರಿಕೊಂಡು ಕೊಂಕಣದ ಕಡೆ ಹೋಗುವ ಲಾರಿ ಡ್ರೈವರ್. ಒಂದು ಸಲ ವಾಪಸು ಬರುವಾಗ, ಸಮುದ್ರದ ದಂಡೆಯಲ್ಲಿ ಯಾವುದೋ ಹೋಟೆಲಿನವರು ಹಳತಾಯಿತೆಂದು ಹಿತ್ತಲಿಗೆ ಎಸೆದಿದ್ದ ದೋಣಿಯೊಂದನ್ನು ಕೇಳಿ ಪಡೆದು ಲಾರಿಯ ಮೇಲೆ ಕವುಚಿ ಕಟ್ಟಿಕೊಂಡು ಬಂದ. ಎರಡೂ ತುದಿ ಚೂಪು, ಮೈ ಸಣಕಲು. ಒಡಲೆಲ್ಲ ಫೈಬರ್, ಮೇಲಿನ ಅಂಚಿಗೆ ಮಾತ್ರ ಸುತ್ತಲೂ ಕಟ್ಟಿಗೆಯ ಪಟ್ಟಿ. ನಮ್ಮ ಕಡೆ ಎಲ್ಲರೂ ಮರಾಠಿಯವರ ಹಾಗೆ ಅದನ್ನು ಹೋಡಿ ಎನ್ನುತ್ತಾರೆ. ಅಂದರೂ ಅವತ್ತಿನ ತನಕ ನಮ್ಮಲ್ಲಿ ಯಾರೂ ಹೋಡಿಯಲ್ಲಿ ಕುಳಿತವರಲ್ಲ.

“ಏನ ಭಾವಾ, ಟ್ಯಾಂಕರ್ ನೀರ ಕುಡದ ಬೆಳದ ಮಂದಿಗೆ ಹೋಡಿ ತಂದ್ರಿ? ಮುಂದಿನ ಸಲ ಹಡಗ ತರ್ರಿ” ಎಂದೆ.

“ನಗಬ್ಯಾಡ್ರಿ. ನಿಮ್ಮತ್ತಿ ಸಲುವಾಗಿ ತಂದೀನಿ” ಎಂದ. ಹಗ್ಗ ಬಿಚ್ಚಲು ನಾನೂ ಕೈಹಾಕಿದೆ.

ನನ್ನ ಅತ್ತೆ ಎಂದರೆ ನನ್ನಪ್ಪನ ಸ್ವಂತ ಅಕ್ಕ. ಅವಳೂ ನಾನೂ ಮಾಡಗ್ಯಾಳದ ಒಂದೇ ಮನೆಯಲ್ಲಿ ಹುಟ್ಟಿದವರು, ಒಂದೇ ಮನೆಗೆ ಸೊಸೆಯಾಗಿ ಬಂದವರು. ರಕ್ತ ಒಂದೇ ಆದರೂ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಮಾಡಿದ ಸಾರು ಅವಳಿಗೆ ಯಾವತ್ತೂ ಸಪ್ಪೆ, ಅವಳು ಹೇಳಿದ ಮಾತು ನನಗೆ ಯಾವತ್ತೂ ಖಾರ. ಹಾಗೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು. ಆಮೇಲೆ ಅವಳ ಎರಡೂ ಕಿಡ್ನಿ ಕೈಬಿಟ್ಟವು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಜತ್ತಿಗೆ ಹೋಗಿ ಮಷೀನಿಗೆ ಕೈಕೊಟ್ಟು ರಕ್ತ ತೊಳೆಸಿಕೊಂಡು ಬರಬೇಕು. ತಪ್ಪಿದರೆ ಮುಖ ಬಾತು, ಉಸಿರು ಕಟ್ಟುತ್ತಿತ್ತು.

ನಮ್ಮದು ವಸ್ತಿ, ಹೊಲದಲ್ಲೇ ನಾಲ್ಕೈದು ಮನೆ. ಶೇಗಾಂವದ ಕಡೆಯ ಡಾಂಬರು ರಸ್ತೆ ಇರುವುದು ಕೆರೆಯ ಆಚೆ ದಂಡೆಗೆ. ಮೊದಲು ಕೆರೆ ಎಂಬುದು ಹೆಸರಿಗೆ ಮಾತ್ರ. ಅದರ ಹೊಟ್ಟೆಯೊಳಗೇ ಗಾಡಿದಾರಿ ಇತ್ತು, ಜೋಳವನ್ನೂ ಬಿತ್ತುತ್ತಿದ್ದರು. ಈಚೆಗೆ ಕಾಲುವೆಯ ನೀರು ಬಿಟ್ಟರು, ಮಳೆಯೂ ಕೈಹಿಡಿಯಿತು, ಕೆರೆ ತುಂಬಿ ದಾರಿ ಮುಳುಗಿತು. ಜನ ಕುಣಿದರು, ನಾವೂ ಗಂಗಮ್ಮನಿಗೆ ಉಡಿ ತುಂಬಿದೆವು. ಸುತ್ತಿ ಹೋಗುವ ಎರೆಮಣ್ಣಿನ ದಾರಿ ಮಾತ್ರ ಮಳೆ ಬಿದ್ದರೆ ಟ್ರ್ಯಾಕ್ಟರನ್ನೇ ನುಂಗುತ್ತದೆ. ಒಂದು ಗುರುವಾರ ಅತ್ತೆಯನ್ನು ಕೂರಿಸಿಕೊಂಡು ಹೊರಟ ಜೀಪು ಅಲ್ಲಿ ಹೂತು, ಆಕೆ ಒಳಗೆ ಕುಳಿತು ತೇಕುತ್ತಿದ್ದರೆ, ನಾವು ಹೊರಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ರಸ್ತೆ ಬದಿಯ ಸಂಬಂಧಿಕರ ಮನೆಯಲ್ಲಿ ಕೆಲವು ದಿನ ಇಟ್ಟೆವು. “ಮಂದಿ ಮನ್ಯಾಗ ನಾ ಸಾಯೂದಿಲ್ಲ” ಎಂದು ಎದ್ದು ಬಂದಳು. ದೋಣಿ ಬಂದದ್ದು ಆಮೇಲೆ.

ನಡುವೆ ಕೌದಿ ಹಾಸಿ ಅತ್ತೆಯನ್ನು ಕೂರಿಸುತ್ತಿದ್ದೆವು. ಹಿಂದೆ ನಮ್ಮವರು ಹುಟ್ಟು ಹಾಕುವುದು, ಮುಂದೆ ನಾನು. ಅಷ್ಟು ನೀರು ಕಂಡರೆ ಅತ್ತೆಗೆ ಜೀವ ಬಾಯಿಗೆ ಬರುತ್ತಿತ್ತು. ಎರಡೂ ಕೈಯಿಂದ ಎರಡೂ ಬದಿಯ ಅಂಚು ಹಿಡಿದು, ಕಣ್ಣು ಮುಚ್ಚಿ, “ಶಿವಶಿವಾ, ಶಿವಶಿವಾ” ಎನ್ನುತ್ತಾ ದಾಟುತ್ತಿದ್ದಳು. ಆಚೆ ದಂಡೆಯಲ್ಲಿ ಮಾರುತಿ ಗುಡಿ. ಅದರ ಮುಂದೆ ಟೆಂಪೋ ನಿಂತಿರುತ್ತಿತ್ತು. ತಾಯಿ ಮಗ ಜತ್ತಿಗೆ ಹೋಗುವರು, ನಾನು ದೋಣಿ ಕಾಯುತ್ತಾ ಸಂಜೆಯ ತನಕ ಗುಡಿಯ ನೆರಳಿಗೆ ಕೂರುವವಳು.

ಸಮುದ್ರದ ತಂಪಿಗೆ ಹೊಂದಿದ ಕಟ್ಟಿಗೆ ಅದು. ನಮ್ಮ ಬಿಸಿಲಿಗೆ ಒಂದೇ ತಿಂಗಳಲ್ಲಿ ಬಿಳಿಚಿ, ಬಿರುಕು ಬಿಟ್ಟು, ಸಿಬಿರು ಎದ್ದಿತು. ಒಂದು ಸಂಜೆ ವಾಪಸು ದಾಟುವಾಗ ಅತ್ತೆಯ ಬಲ ಅಂಗೈಗೆ ಸಿಬಿರು ಹೊಕ್ಕಿತು. ಮಷೀನಿಗೆ ಹಾಕುವಾಗ ರಕ್ತ ತೆಳ್ಳಗಾಗುವ ಔಷಧ ಕೊಡುತ್ತಾರಲ್ಲ, ಅದರ ದೆಸೆಯಿಂದ ರಕ್ತ ನಿಲ್ಲಲೇ ಇಲ್ಲ. ಸೆರಗು ಒದ್ದೆ, ಕೌದಿ ಒದ್ದೆ, ನನ್ನ ಕೈ ಒದ್ದೆ. ಅರಿಶಿನ ಒತ್ತಿದೆ, ಕಾಫಿಪುಡಿ ಒತ್ತಿದೆ. ಅವಳು ಮಾತ್ರ “ಅರಬಿ ತೊಳ್ಯೂ ಕೆಲಸಾ ಹಚ್ಚಿದೆ ನೋಡ ನಿನಗ” ಎಂದು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಕಿಡ್ನಿಯ ಮೇಲೆ ಸಿಟ್ಟು ಮಾಡಿ ಏನು ಉಪಯೋಗ? ಕಟ್ಟಿಗೆಯ ಮೇಲೆ ಮಾಡಿದೆ. ಇದೊಂದಾದರೂ ನನ್ನ ಕೈಯೊಳಗಿನ ಮಾತು ಎಂದುಕೊಂಡೆ.

ಮೊದಲು ಲಾರಿ ಭಾವ ಹೇಳಿದನೆಂದು ವಾರ್ನಿಷ್ ಬಳಿದೆ. ನೋಡಲು ಮದುವೆ ಮನೆಯ ಪಲ್ಲಂಗದ ಹಾಗೆ ಥಳಥಳ. ಬಿಸಿಲಿಗೆ ಅದೂ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಕಿತ್ತಿತು. ಆಮೇಲೆ ಊರ ಬಡಿಗೇರನಿಗೆ ಫೋನು ಹಚ್ಚಿದೆ.

“ಹೋಡಿ ಗೀಡಿ ನನಗ ಗೊತ್ತಿಲ್ಲವಾ. ಆದ್ರ ಕಟಗಿ ಅಂದ್ರ ಕಟಗಿ. ಗಾಣದ ಅಗಸಿ ಎಣ್ಣಿ ಹಚ್ಚ. ಹಚ್ಚಿ, ಹೀರೂತನಾ ಬಿಟ್ಟು, ಉಳದದ್ದ ಪೂರಾ ಒರಸ. ಆಮ್ಯಾಲ ನಾಕೈದ ದಿನಾ ಯಾರೂ ಮುಟ್ಟಬಾರದ ನೋಡ” ಎಂದ.

ನಾಲ್ಕೈದು ದಿನ! ಅದನ್ನು ನನ್ನ ಅತ್ತೆಯ ರಕ್ತಕ್ಕೆ ಯಾರು ಹೇಳಬೇಕು? ಸೋಮವಾರಕ್ಕೂ ಗುರುವಾರಕ್ಕೂ ನಡುವೆ ಅಷ್ಟು ಪುರುಸೊತ್ತು ಎಲ್ಲಿಯದು? ಗುರುವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಸಿಕ್ಕಷ್ಟೇ ಅದರ ಪುಣ್ಯ. ದಂಡೆಯಲ್ಲಿ ಕಾಯುವ ಹೊತ್ತಿನಲ್ಲಿ ಪಾಲಿಶ್ ಪೇಪರು ಹಿಡಿದು, ಕಟ್ಟಿಗೆಯ ಎಳೆ ಹೋದ ಕಡೆಗೇ ಉಜ್ಜುತ್ತಿದ್ದೆ. ಗುರುವಾರ ದಾಟಿ ಮನೆಗೆ ಬಂದ ಮೇಲೆ ಅಗಸೆ ಎಣ್ಣೆ. ಹಳೆ ಧೋತರದ ತುಂಡಿಗೆ ಎರಡು ಹನಿ ಹಾಕಿಕೊಂಡು ತಿಕ್ಕಿದರೆ ಬಿಳಿಚಿದ ಕಟ್ಟಿಗೆ ಹೊಸ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಬಣ್ಣ ನೋಡಿ ಮನಸ್ಸು ಅಷ್ಟೊತ್ತಾದರೂ ಹಗುರಾಗುತ್ತಿತ್ತು.

ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುವಳು. “ನನ್ನ ತಲಿಗೆ ಒಂದ ದಿನಾರೆ ಹಿಂಗ ಎಣ್ಣಿ ತಿಕ್ಕೀಯೇನ?”

“ನಿನ್ನ ತಲ್ಯಾಗ ಸಿಬಿರಿಲ್ಲತ್ತಿ, ಬರೇ ಕೊಂಕ ಅದ. ಅದಕ್ಕ ಎಣ್ಣಿ ನಾಟೂದಿಲ್ಲ.”

“ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ. ಮಾತಾಡವ್ವಾ ಮಾತಾಡ” ಎಂದು ಅವಳು ಎಡಗೈ ಸವರಿಕೊಳ್ಳುವಳು. ಆ ಕೈಯಲ್ಲಿ ಎರಡು ನರ ಕೂಡಿಸಿ ಹೊಲಿದಿದ್ದರು, ಮಷೀನಿನ ಸೂಜಿ ಚುಚ್ಚಲಿಕ್ಕೆಂದು. ಅದರ ಮೇಲೆ ಬೆರಳಿಟ್ಟರೆ ಒಳಗೆ ಬೆಕ್ಕು ಗುರುಗುಟ್ಟಿದಂತೆ ಗುರ್ ಎಂದು ಮಿಡಿಯುತ್ತಿತ್ತು. ಆ ಗುರ್ ಇರುವ ತನಕ ಸೂಜಿಗೆ ದಾರಿ ಇದೆ, ದಾರಿ ಇರುವ ತನಕ ಅತ್ತೆ ಇದ್ದಾಳೆ. ದವಾಖಾನೆಯ ಸಿಸ್ಟರ್ ಹಾಗೆಂದು ಹೇಳಿಕೊಟ್ಟಿದ್ದಳು. ನಾನು ದಿನಾ ಬೆಳಗ್ಗೆ ಚಹಾ ಕೊಡುವ ನೆಪದಲ್ಲಿ ಬೆರಳಿಟ್ಟು ನೋಡುತ್ತಿದ್ದೆ.

ಎರಡು ವಾರ ಎಣ್ಣೆ ಚೆನ್ನಾಗಿ ಕೂತಿತು. ಮೂರನೆಯ ಸೋಮವಾರ ನೋಡಿದರೆ ಅಂಚೆಲ್ಲ ಜಿಗಿಜಿಗಿ. ಅದಕ್ಕೆ ಎರೆಮಣ್ಣಿನ ಧೂಳು ಮೆತ್ತಿ ಕರ್ರಗಾಗಿದೆ, ಇರುವೆ ಮುತ್ತಿವೆ. ಬಡಿಗೇರನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಅಂದೆ. ಪಾಪ, ಅವನು “ಒರಸೀಯೇನವಾ? ಸರಿಯಾಗಿ ಒರಸೀಯೇನ?” ಎಂದಷ್ಟೇ ಕೇಳುತ್ತಿದ್ದ. ಸೋಡಾ ಹಾಕಿ ತಿಕ್ಕಿ, ಕೆರೆದು, ಮತ್ತೆ ಗುರುವಾರ ಎಣ್ಣೆ ಹಚ್ಚಿದೆ. ಮುಂದಿನ ಸೋಮವಾರ ಮತ್ತೆ ಅದೇ ಜಿಗಿ. ಹೋದ್ಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದ ಹಾಗಾಯಿತು.

ಕೊನೆಗೆ ಒಂದು ಶನಿವಾರ ನಾನೇ ದೋಣಿಯ ಜೊತೆ ಹೋದೆ. ಶನಿವಾರ ವಸ್ತಿಯ ಹೆಂಗಸರು ಮಾರುತಿಗೆ ಎಣ್ಣೆ ಹಾಕಲು ದೋಣಿಯಲ್ಲೇ ದಾಟುತ್ತಿದ್ದರು. ದೇವರಿಗೆ ಎಣ್ಣೆ ಎರೆದರು, ಪ್ರದಕ್ಷಿಣೆ ಹಾಕಿದರು, ದಂಡೆಗೆ ಬಂದರು. ಬಂದವರು ಒಬ್ಬೊಬ್ಬರಾಗಿ ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ಅಂಗೈಗೆ ಬಸಿದುಕೊಂಡು ದೋಣಿಯ ಅಂಚಿಗೆ ಸವರಿ, ಆ ಕೈಯನ್ನೇ ಕಣ್ಣಿಗೆ ಒತ್ತಿಕೊಂಡರು! ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ, ಪಾಕೀಟಿನ ಎಣ್ಣೆ, ಯಾವುದೂ ಬಿಟ್ಟಿಲ್ಲ. ಒಂದೂ ಕಟ್ಟಿಗೆಯಲ್ಲಿ ಒಣಗುವ ಎಣ್ಣೆಯಲ್ಲ.

“ಏನ ಮಾಡಾಕತ್ತೀರಿ ನೀವೆಲ್ಲಾ?” ಎಂದು ಕಿರುಚಿದೆ.

ಪಕ್ಕದ ಮನೆಯ ಮುದುಕಿ, ಅತ್ತೆಯ ಓರಗೆಯವಳು, ಬೆಚ್ಚಿ ನನ್ನ ಕಡೆ ತಿರುಗಿದಳು. “ನೀ ಒಬ್ಬಾಕಿನ ಎಷ್ಟಂತ ಹರಕಿ ತೀರಸ್ತಿ ತಂಗಿ? ಗುಡಿ ಮುಂದ ಕುಂತ ದಿನಾಪೂರ್ತಿ ತಿಕ್ಕೂದ ನಾವೂ ನೋಡೀವಿ. ನಮ್ಮದೂ ಒಂದ ಹನಿ ಇರ್ಲಿ ಅಂತ…”

ನಾನು ಅಂಚು ಉಜ್ಜುತ್ತಾ ಕೂರುವುದನ್ನು ಕಂಡು ಊರೆಲ್ಲ ಹರಕೆ ಎಂದುಕೊಂಡಿತ್ತು. ಅತ್ತೆಯ ಜೀವಕ್ಕಾಗಿ ಸೊಸೆ ಮಾರುತಿಗೆ ಹೇಳಿಕೊಂಡ ಹರಕೆ! ಅಯ್ಯ ಶಿವನೇ. ಎಣ್ಣೆ ಹಚ್ಚುವ ಕೆಲಸವೆಂದರೆ ನಮ್ಮ ಮಂದಿಗೆ ದೇವರ ಕೆಲಸವೇ. ದೇವರಿಗಲ್ಲದೆ ಒಂದು ಕಟ್ಟಿಗೆಯ ತುಂಡಿಗೆ ಯಾರಾದರೂ ಅಷ್ಟು ಮೈಬಗ್ಗಿಸುತ್ತಾರೆಯೇ ಎಂದು ಅವರ ಲೆಕ್ಕ.

“ಹರಕಿ ಇಲ್ಲ, ಸುಡಗಾಡ ಇಲ್ಲ! ಕಟಗಿ ಒಣಗಲಿ ಅಂತ ಹಚ್ಚತೀನಿ. ನೀವು ಜಿಗಟ ಮಾಡಿ ಕುಂದ್ರಸೀರಿ. ಆಕಿ ಕೈ ಜಾರಿದ್ರ ಏನ ಗತಿ?” ಎಂದೆ.

ಒಬ್ಬಳು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: “ಹಂಗಾದ್ರ ಆಕಿಗಿ ನಾವ ಏನ ಮಾಡಬೇಕ? ಅದನ್ನರೆ ಹೇಳ.”

ನನಗೆ ಗೊತ್ತಿದ್ದರೆ ನಾನೇ ಮಾಡುತ್ತಿರಲಿಲ್ಲವೇ? ಕಿಡ್ನಿಗೆ ಹಚ್ಚುವ ಎಣ್ಣೆ ಯಾವ ಗಾಣದಲ್ಲೂ ಇಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎಂದುಕೊಂಡು ಹುಟ್ಟು ಹಿಡಿದೆ.

ಅವರು ಬಿಟ್ಟರೆಂದುಕೊಂಡಿರಾ? ಬಿಡಲಿಲ್ಲ. ನನ್ನ ಕಣ್ಣು ತಪ್ಪಿಸಿ ಸವರಿದರು. ಸುದ್ದಿ ಆಚೆ ದಂಡೆಗೂ ಹೋಯಿತು. ದರಿಬಡಚಿ ಕಡೆಯಿಂದ ಕೂಲಿಗೆ ಬಂದವರೂ ಮಾರುತಿಗೊಂದು ಹನಿ, ಹೋಡಿಗೊಂದು ಹನಿ ಹಾಕತೊಡಗಿದರು. ನಾನು ಬೈದರೆ ಹೂಂ ಎನ್ನುವರು, ನಾನು ತಿರುಗಿದರೆ ಅಂಚಿಗೆ ಸವರಿ ಕಣ್ಣಿಗೆ ಒತ್ತಿಕೊಳ್ಳುವರು. ದ್ವೇಷದಿಂದ ಮಾಡಿದವರ ಜೊತೆ ಜಗಳ ಆಡಬಹುದು. ಪ್ರೀತಿಯಿಂದ ಬಂದವರ ಬಟ್ಟಲು ಹೇಗೆ ಕಸಿಯುವುದು? ಅತ್ತೆಗೆ ಹೇಳಿದರೆ ಅವಳಿಗೆ ಒಳಗೊಳಗೇ ಖುಷಿ. “ಸಾಯೂ ಮುದಕಿ ಸಲುವಾಗಿ ಎಣ್ಣಿ ಖರ್ಚ ಮಾಡತಾರಂದ್ರ ನಾನೂ ಏನೋ ಚಲೋ ಮಾಡೀನಿ ಬಿಡ” ಎಂದಳು. ಪ್ರತಿ ಸೋಮವಾರ ಬೆಳಗ್ಗೆ ಅವಳನ್ನು ಹತ್ತಿಸುವ ಮೊದಲು ಬಿಸಿನೀರು, ಬೂದಿ, ಗೋಣಿತಾಟು ಹಿಡಿದು ಅಂಚು ಒರೆಸುವುದೇ ನನ್ನ ಪೂಜೆಯಾಯಿತು.

ಚಳಿಗಾಲದ ಒಂದು ಸೋಮವಾರ ಕೆರೆಯ ಮೇಲೆಲ್ಲ ಮಂಜು. ನಾನು ಒರೆಸಿದ್ದೆ. ಒರೆಸಿದ್ದೇನೆಂದು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಕಟ್ಟಿಗೆಯ ಒಳಗೆ ಇಳಿದಿದ್ದ ಜಿಡ್ಡು ಎಲ್ಲಿಂದ ಬಂತೋ, ಮೇಲೆ ಮಂಜಿನ ಪಸೆ ಬೇರೆ. ಆಚೆ ದಂಡೆಗೆ ಬಂದು ಇಳಿಯುವಾಗ ಅತ್ತೆ ಬಲಗೈಯನ್ನು ಅಂಚಿನ ಮೇಲೆ ಊರಿ ಮೈ ಎತ್ತಿದಳು. ಕೈ ಸರ್ರನೆ ಜಾರಿತು. ದೋಣಿ ಆ ಬದಿಗೆ ವಾಲಿತು. ಅತ್ತೆ ಎಡಗೈ ಅಡಿಯಾಗಿ ದಂಡೆಯ ಕಲ್ಲಿನ ಮೇಲೆ ಬಿದ್ದಳು.

ಗಾಯ ಇಲ್ಲ, ರಕ್ತ ಇಲ್ಲ. ಎತ್ತಿ ಕೂರಿಸಿದೆವು. “ಯವ್ವಾ, ಏನಾರೆ ಆತೇನ?” ಎಂದು ನಮ್ಮವರು ಕೂಗಿದರೆ, “ಏನೂ ಆಗಿಲ್ಲೋ ತಮ್ಮಾ. ಹೆಂಡತಿ ಹಂಗ ನೀನೂ ಚೀರಬ್ಯಾಡ” ಎಂದಳು. ನಾನೂ ನಕ್ಕೆ. ನಕ್ಕು ಟೆಂಪೋ ಹತ್ತಿಸಿದೆ.

ಮಧ್ಯಾಹ್ನ ನಮ್ಮವರ ಫೋನು ಬಂತು. “ಗುರ್ ಅನ್ನವಲ್ದ” ಎಂದರು, ಅಷ್ಟೇ. ಕೈಯಲ್ಲಿದ್ದ ಪಾಲಿಶ್ ಪೇಪರು ಹಾಗೇ ಹಿಡಿದು ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನರದೊಳಗೆ ರಕ್ತ ಹೆಪ್ಪುಗಟ್ಟಿತ್ತು. ಸಾಂಗಲಿಗೆ ಒಯ್ದರು, ಕುತ್ತಿಗೆಗೆ ನಳಿಕೆ ಹಾಕಿದರು, ಬಲಗೈಯಲ್ಲಿ ಹೊಸದಾಗಿ ನರ ಕೂಡಿಸಿದರು. ಅದು ಹಿಡಿಯಲಿಲ್ಲ. ಬಿದ್ದದ್ದಕ್ಕೇ ಹೀಗಾಯಿತೋ, ಮೊದಲೇ ಆಗುವುದಿತ್ತೋ, ಡಾಕ್ಟರರೂ ಖಚಿತವಾಗಿ ಹೇಳಲಿಲ್ಲ.

ಪಕ್ಕದ ಮನೆಯ ಮುದುಕಿ ಅಳುತ್ತಾ ಬಂದು ಅತ್ತೆಯ ಹಾಸಿಗೆಯ ಹತ್ತಿರ ಕುಳಿತಳು. “ಅಕ್ಕಾ, ಖರೇ ಹೇಳ. ನಮ್ಮ ಎಣ್ಣಿಯಿಂದ ಜಾರಿದೇನ?”

ನನ್ನ ನಾಲಿಗೆ ತುದಿಗೆ ಬಂದಿತ್ತು. ಅತ್ತೆ ನನ್ನ ಕಡೆ ಒಂದು ನೋಟ ನೋಡಿದಳು. ಮಾಡಗ್ಯಾಳದಲ್ಲಿ ನನ್ನಜ್ಜಿ, ಅಂದರೆ ಅವಳ ತಾಯಿ, ನಮ್ಮ ಬಾಯಿ ಮುಚ್ಚಿಸಲು ನೋಡುತ್ತಿದ್ದಳಲ್ಲ, ಅದೇ ನೋಟ.

“ಎಣ್ಣಿ ಏನ ಮಾಡೀತ? ನನ್ನ ಕಾಲ ತಪ್ಪಿತ. ನೀ ಚಹಾ ಕುಡದ ಹೋಗ” ಎಂದಳು ಅತ್ತೆ. ಚಹಾ ನಾನೇ ಮಾಡಿಕೊಟ್ಟೆ. ಒಲೆಯ ಮುಂದೆ ಅತ್ತುಬಿಟ್ಟೆ.

ಆಮೇಲಿನ ತಿಂಗಳುಗಳನ್ನು ಹೇಳಲು ನನಗೆ ಮನಸ್ಸಿಲ್ಲ. ಕುತ್ತಿಗೆಯ ನಳಿಕೆಗೆ ಸೋಂಕು, ಚಳಿಜ್ವರ, ಹೊಸ ನಳಿಕೆ, ಮತ್ತೆ ಜ್ವರ. ಹುಲಿಯಂಥ ಹೆಂಗಸು ಕೌದಿಯಲ್ಲಿ ಸುತ್ತಿದ ಕೂಸಿನಷ್ಟಾದಳು. ದೋಣಿಗೆ ಎತ್ತಿಕೊಂಡೇ ಹೋಗುತ್ತಿದ್ದೆವು. ಊರ ಹೆಂಗಸರು ಅಂಚು ಮುಟ್ಟುವುದನ್ನು ಅವರಾಗಿಯೇ ಬಿಟ್ಟರು. ನಾನು ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ. ಬಿಟ್ಟರೆ ಕೈಗೆ ಬೇರೆ ಏನು ಕೆಲಸ ಹಚ್ಚಲಿ?

ಒಂದು ಗುರುವಾರ ಬೆಳಗ್ಗೆ ಸೀರೆ ಉಡಿಸಲು ಹೋದೆ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು.

“ಇವತ್ತ ನಾ ಒಲ್ಲೆ” ಎಂದಳು.

“ಗಾಡಿ ಬಂದದ ಯವ್ವಾ. ಏಳ” ಎಂದರು ನಮ್ಮವರು.

“ಒಲ್ಲೆ ತಮ್ಮಾ. ಇವತ್ತೂ ಒಲ್ಲೆ, ಸ್ವಾಮಾರನೂ ಒಲ್ಲೆ. ಭಾಳ ದಣದೀನಿ.”

ಅವರು ಕಾಲು ಹಿಡಿದರು. ನಾನು ನನಗೆ ಬರುವುದನ್ನೇ ಮಾಡಿದೆ, ಬೈದೆ. “ಹಟಾ ಮಾಡಬ್ಯಾಡತ್ತಿ. ಎತ್ತಿ ಒಯ್ಯತೀನಿ ನೋಡ ಮತ್ತ. ಇಷ್ಟ ದಿನಾ ನಾ ಮಾಡಿದ್ದೆಲ್ಲಾ ಮಣ್ಣಾಗ ಹಾಕತಿಯೇನ?”

ಬೈಗುಳಕ್ಕೆ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ನನ್ನ ಕೈ ಹಿಡಿದುಕೊಂಡಳು. “ಮಾಡಾಕ ಇನ್ನೇನ ಉಳದದ ಹೇಳ? ಎಲ್ಲಾ ಮಾಡಿದಿ. ಹೋಗ, ಪಾಪ ಆ ಡ್ರೈವರ್ ಕಾಯಾಕತ್ತಿರ್ತಾನ. ಹೇಳಿ ಬಾ.”

ಒಬ್ಬಳೇ ದೋಣಿ ನೂಕಿದೆ. ಅವತ್ತು ಅಂಚು ಹೇಗಿರಬೇಕೋ ಹಾಗಿತ್ತು. ಒಣಗಿತ್ತು, ನುಣ್ಣಗಿತ್ತು. ಒಂದು ಸಿಬಿರಿಲ್ಲ, ಒಂದು ಜಿಗುಟಿಲ್ಲ. ಹಿಡಿಯುವವರು ಇರಲಿಲ್ಲ. ಅದನ್ನು ಕಂಡು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಚೆ ದಂಡೆಯಲ್ಲಿ ಡ್ರೈವರ್ ಹಿಂದಿನ ಬಾಗಿಲು ತೆರೆದು ನಿಂತಿದ್ದ. “ಅಜ್ಜಿ ಎಲ್ಲಿರಿ?” ಎಂದ. “ಬರೂದಿಲ್ಲ” ಎಂದೆ. “ಸ್ವಾಮಾರ ಬರ್ಲ್ಯಾ ಹಂಗಾದ್ರ?” ಎಂದ. ಬೇಡವೆಂದು ತಲೆ ಅಲ್ಲಾಡಿಸಿದೆ. ಅವನು ಬಾಗಿಲು ಮುಚ್ಚಿದ.

ತಿರುಗಿ ಬಂದಾಗ ನಮ್ಮವರು ಅಂಗಳದಲ್ಲಿ ಮೊಣಕಾಲ ನಡುವೆ ತಲೆ ಇಟ್ಟು ಕುಳಿತಿದ್ದರು. ಒಳಗೆ ಅತ್ತೆ ಎಚ್ಚರ ಇದ್ದಳು.

“ನೀರ ಕೊಡ” ಎಂದಳು.

ಕಿಡ್ನಿ ಹೋದವರಿಗೆ ನೀರು ಅಳತೆ. ದಿನಕ್ಕೆ ಇಷ್ಟೇ ಎಂದು ಡಾಕ್ಟರರು ಕಟ್ಟುಮಾಡಿದ್ದನ್ನು ಕಾದವಳು ನಾನು. ಮನೆಯ ಮುಂದೆ ಕಣ್ಣು ಹಾಯುವ ತನಕ ನೀರಿದ್ದರೂ ಅವಳು ನಾಲಿಗೆ ಒಣಗಿಸಿಕೊಂಡು ನನ್ನ ಮುಖ ನೋಡಬೇಕಿತ್ತು. ಬೇಡಿದರೂ ನಾನು ಕೊಡುತ್ತಿರಲಿಲ್ಲ. ಅಭ್ಯಾಸದಂತೆ ಸಣ್ಣ ಸ್ಟೀಲಿನ ಲೋಟಕ್ಕೆ ಅರ್ಧ ಸುರಿದೆ.

“ತಂಬಿಗಿ ತುಂಬ ಕೊಡ” ಎಂದಳು.

ಲೋಟ ಬದಿಗಿಟ್ಟು ಹರವಿಯಿಂದ ತಂಬಿಗೆ ತುಂಬಿಸಿದೆ. ಹಿಡಿಯಲು ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ, ನಾನೇ ಹಿಡಿದೆ. ನಡುವೆ ಉಸಿರು ತೆಗೆದುಕೊಳ್ಳುತ್ತಾ, ಗಲ್ಲದ ಮೇಲೆ ಚೆಲ್ಲಿಕೊಳ್ಳುತ್ತಾ, ಪೂರಾ ಕುಡಿದಳು. ಸೆರಗಿನಿಂದ ಅವಳ ಗಲ್ಲ ಒರೆಸಿದೆ.

“ಇನ್ನೊಂದ” ಎಂದಳು.

ಕೊಟ್ಟೆ.